ಬುಡಾಪೆಸ್ಟಿನಲ್ಲಿ ಫ್ರಾದಿ ಗೆದ್ದ ವರ್ಷ

ಬುಡಾಪೆಸ್ಟಿಗೆ ಕೆಲಸಕ್ಕೆ ಬಂದ ನಮ್ಮವರಿಗೆ ಮೊದಲು ಕಾಡುವುದು ಚಳಿಯಲ್ಲ. ಆಫೀಸಿನಲ್ಲಿ ಕ್ರಿಕೆಟ್ ಬಗ್ಗೆ ಮಾತಾಡಲು ಒಬ್ಬರೂ ಸಿಗುವುದಿಲ್ಲ, ಅದು. ಇಲ್ಲಿ ಸಿಗುವುದು ವಾಟರ್ ಪೋಲೋ, ಈಜುಕೊಳದಲ್ಲಿ ಚೆಂಡು ಎಸೆದು ಗೋಲು ಹೊಡೆಯುವ ಆಟ. ಒಂದು ಕೋಟಿ ಜನವೂ ಇಲ್ಲದ ಹಂಗೇರಿ ಈ ಆಟದಲ್ಲಿ ಒಂಬತ್ತು ಒಲಿಂಪಿಕ್ ಚಿನ್ನ ಗೆದ್ದಿದೆ. ಅದರಲ್ಲಿ 2000, 2004, 2008 ಸತತ ಮೂರು. ನಾನೂ ಬಿಡಲಿಲ್ಲ, 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಚಿನ್ನ ಗೆದ್ದಿತ್ತು ಅಂತ ಹೇಳಿದೆ. ಆಡಿದ್ದು ಎರಡೇ ತಂಡ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ನಮ್ಮ ಟೀಮಿನಲ್ಲಿ ಒಬ್ಬ ಹುಡುಗ ಫೆರೆಂತ್ಸ್‌ವಾರೋಷ್ ಕ್ಲಬ್ಬಿನ ಕಟ್ಟಾ ಅಭಿಮಾನಿ. ಇಲ್ಲಿ ಎಲ್ಲರೂ ಅದನ್ನು ಫ್ರಾದಿ ಅಂತಲೇ ಕರೆಯುವುದು. ಹಸಿರು-ಬಿಳಿ ಬಣ್ಣ, ಹದ್ದಿನ ಗುರುತು. 2018–19ರ ಚಾಂಪಿಯನ್ಸ್ ಲೀಗ್, ಅಂದರೆ ಯುರೋಪಿನ ಕ್ಲಬ್ಬುಗಳ ವಾಟರ್ ಪೋಲೋ ಟೂರ್ನಿ, ಶುರುವಾದಾಗ ನನ್ನನ್ನೂ ಎಳೆದುಕೊಂಡು ಹೋದ.

ಹೊರಗೆ ಹಿಮ ಬೀಳುತ್ತಿರುತ್ತದೆ. ಒಳಗೆ ಕಾಲಿಟ್ಟ ತಕ್ಷಣ ಕನ್ನಡಕದ ಮೇಲೆಲ್ಲ ಹಬೆ. ಕೋಟು, ಸ್ವೆಟರ್ ಎಲ್ಲ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಕ್ಲೋರಿನ್ ವಾಸನೆಯಲ್ಲಿ ಕೂತು ನೋಡಬೇಕು.

ನೀರಲ್ಲಿ ಒಂದು ಕಡೆ ಏಳು ಜನ, ಗೋಲ್‌ಕೀಪರ್ ಸೇರಿ. ತಳಕ್ಕೆ ಕಾಲು ಊರುವ ಹಾಗಿಲ್ಲ. ಊರೋಣ ಅಂದರೂ ಎಟುಕುವುದಿಲ್ಲ. ಹಾಗಾದರೆ ಸೊಂಟದವರೆಗೂ ನೀರಿನಿಂದ ಮೇಲೆದ್ದು ಚೆಂಡು ಎಸೆಯುವುದು ಹೇಗೆ? ಎರಡು ಕಾಲನ್ನೂ ಮಜ್ಜಿಗೆ ಕಡೆಯುವ ಹಾಗೆ ಒಂದೇ ಸಮ ತಿರುಗಿಸುತ್ತಿರುತ್ತಾರೆ. ಅದೂ ಎಂಟೆಂಟು ನಿಮಿಷದ ನಾಲ್ಕು ಕ್ವಾರ್ಟರ್. ಆಟ ನಿಂತಾಗೆಲ್ಲ ಗಡಿಯಾರವೂ ನಿಲ್ಲುವುದರಿಂದ ಪಂದ್ಯ ಒಂದು ಗಂಟೆಗೂ ಜಾಸ್ತಿ ಎಳೆಯುತ್ತದೆ. ಗೋಲ್‌ಕೀಪರ್ ಬಿಟ್ಟು ಬೇರೆಯವರು ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಬೇಕು.

ನಿಜವಾದ ಆಟ ನಡೆಯುವುದು ನೀರಿನ ಕೆಳಗೆ. ಗೋಲಿನ ಮುಂದೆ ಬೆನ್ನು ತಿರುಗಿಸಿ ನಿಂತ ಸೆಂಟರ್ ಫಾರ್ವರ್ಡ್‌ನನ್ನು ನೋಡಿ. ಮೇಲಿನಿಂದ ಅವನೂ ಅವನನ್ನು ಕಾಯುವ ಎದುರಾಳಿಯೂ ಸುಮ್ನೆ ತೇಲುತ್ತಿದ್ದಾರೆ ಅನಿಸುತ್ತದೆ. ಕೆಳಗೆ ಚಡ್ಡಿ ಜಗ್ಗುವುದು, ಒದೆಯುವುದು, ತಿರುಚುವುದು ಎಲ್ಲ ನಡೆದಿರುತ್ತದೆ. ರೆಫರಿ ದಡದ ಮೇಲೆ ಅತ್ತಿಂದಿತ್ತ ನಡೆಯುತ್ತಾ ಕಂಡಷ್ಟಕ್ಕೆ ಸೀಟಿ ಊದುತ್ತಾನೆ. ದೊಡ್ಡ ಫೌಲ್ ಆದರೆ ಆಟಗಾರ ಸ್ವಲ್ಪ ಹೊತ್ತು ಹೊರಗೆ, ಆಗಿನ ನಿಯಮದಲ್ಲಿ 20 ಸೆಕೆಂಡ್. ಆಗ ಗೋಲ್‌ಕೀಪರ್ ಬಿಟ್ಟು ಆರು ಜನರ ಎದುರು ಐವರು. ಪಂದ್ಯಗಳು ಬಹುಪಾಲು ಈ ಕೆಲವು ಸೆಕೆಂಡುಗಳಲ್ಲೇ ತೀರ್ಮಾನವಾಗುತ್ತವೆ. ಗೋಲುಗಳ ಲೆಕ್ಕಕ್ಕಿಂತ ಇದನ್ನೇ ಗಮನಿಸುತ್ತಾ ಕೂತರೆ ಆಟ ಬೇಗ ಅರ್ಥವಾಗುತ್ತದೆ.

ಆ ವರ್ಷ ಹದಿನಾರು ತಂಡ, ಎಂಟರ ಎರಡು ಗುಂಪು. ತವರಿನಲ್ಲೊಂದು, ಹೊರಗೊಂದು ಅಂತ ಪ್ರತಿ ತಂಡಕ್ಕೂ 14 ಪಂದ್ಯ. ಚಳಿಗಾಲವೆಲ್ಲ ಇದೇ. ನಡುವೆ ನನಗೆ ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಎಂಟು ತಂಡ ಜರ್ಮನಿಯ ಹ್ಯಾನೋವರಿಗೆ ಹೋಗಿ ಮೂರು ದಿನದಲ್ಲಿ ಎಲ್ಲ ಮುಗಿಸಿದವು. ತಿಂಗಳುಗಟ್ಟಲೆ ಬೆವರು ಸುರಿಸಿದ ತಂಡ ಒಂದು ಕೆಟ್ಟ ಸಂಜೆಗೆ ಮನೆಗೆ. ನನಗಿದು ಅನ್ಯಾಯ ಅನಿಸುತ್ತದೆ. ನಮ್ಮ ಹುಡುಗನಿಗೆ ಮಾತ್ರ ಇದೇ ಮಜಾ. ಯಾಕೆಂದರೆ ಈ ಪದ್ಧತಿ ಜಾಸ್ತಿ ಕಾಡಿದ್ದು ಇಟಲಿಯ ಪ್ರೋ ರೆಕ್ಕೋ ಕ್ಲಬ್ಬನ್ನು. ಜೆನೋವಾ ಪಕ್ಕದ ಸಮುದ್ರ ದಂಡೆಯ ಪುಟ್ಟ ಊರು ರೆಕ್ಕೋ. ಚೀಸ್ ತುಂಬಿದ ಫೊಕಾಚ್ಚಾ ರೊಟ್ಟಿಗೆ ಹೆಸರುವಾಸಿ. ಆದರೆ ಕ್ಲಬ್ ಭಾರೀ ಶ್ರೀಮಂತ, ದೊಡ್ಡ ದೊಡ್ಡ ಆಟಗಾರರನ್ನೆಲ್ಲ ಕೊಂಡು ತರುತ್ತದೆ. ಆದರೂ 2015ರ ನಂತರ ಕಪ್ ಸಿಕ್ಕಿರಲಿಲ್ಲ. 2018ರಲ್ಲಿ ಜೆನೋವಾದಲ್ಲೇ, ಮನೆ ಬಾಗಿಲಲ್ಲೇ, ಫೈನಲ್‌ನಲ್ಲಿ ಗ್ರೀಸಿನ ಒಲಿಂಪಿಯಾಕೋಸ್ ಕ್ಲಬ್ ಎದುರು ಸೋತಿತ್ತು.

2019ರ ಜೂನ್‌ನಲ್ಲಿ ಅದೇ ಒಲಿಂಪಿಯಾಕೋಸ್ ಫೈನಲ್‌ನಲ್ಲಿ ಫ್ರಾದಿಗೆ ಎದುರಾಯಿತು. ನಾಲ್ಕೂ ಕ್ವಾರ್ಟರ್ ಮುಗಿದರೂ ಸಮ. ಇಲ್ಲಿ ಹೆಚ್ಚುವರಿ ಸಮಯ ಕೊಡುವುದಿಲ್ಲ, ನೇರ ಪೆನಾಲ್ಟಿ. ಐದು ಮೀಟರ್ ದೂರದಿಂದ ಎಸೆತ. ಬಾರಿನಲ್ಲಿ ಟಿವಿ ಮುಂದೆ ಗ್ಲಾಸ್ ಹಿಡಿದವರು ಕುಡಿಯುವುದನ್ನೇ ಮರೆತಿದ್ದರು. ಫ್ರಾದಿ ಗೆದ್ದಿತು. ಯುರೋಪಿನ ಈ ದೊಡ್ಡ ಕಪ್ ಆ ಕ್ಲಬ್ಬಿಗೆ ಬಂದದ್ದು ಅದೇ ಮೊದಲು.

ಮರುವರ್ಷ ಕೊರೋನಾ ಬಂದು ಲೀಗ್ ಅರ್ಧಕ್ಕೇ ರದ್ದಾಯಿತು. 2021ರಲ್ಲಿ ಬೆಲ್‌ಗ್ರೇಡಿನ ಫೈನಲ್‌ನಲ್ಲಿ ರೆಕ್ಕೋ ಫ್ರಾದಿಯನ್ನೇ ಸೋಲಿಸಿ ಕಪ್ ಒಯ್ದಿತು. ದುಡ್ಡಿಗೆ ಕಪ್ ಸಿಗಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ ನಮ್ಮ ಹುಡುಗ ಅಂದಿನಿಂದ ಆ ಮಾತು ಆಡುವುದನ್ನೇ ಬಿಟ್ಟಿದ್ದಾನೆ.