ಕಾರ್ಬನ್ ಬಿಟ್ಟು ಮರಕ್ಕೆ ಬಂದೆ

ಟೇಬಲ್ ಟೆನಿಸ್ ಬ್ಯಾಟಿನಲ್ಲಿ ರಬ್ಬರ್ ಅಂಟಿಸುವ ಹಲಗೆಗೆ ಬ್ಲೇಡ್ ಅನ್ನುತ್ತಾರೆ. ಎರಡು ವರ್ಷ ಆಡಿದ, ಮರದ ಪದರಗಳ ನಡುವೆ ಕಾರ್ಬನ್ ನಾರು ಇರುವ ಬ್ಲೇಡನ್ನು ಕಳೆದ ತಿಂಗಳು ಬದಲಾಯಿಸಿದೆ. ಈಗ ಕೈಯಲ್ಲಿರುವುದು ಸ್ಟೀಗಾ ಕಂಪನಿಯ ಆಲ್‌ರೌಂಡ್ ಇವೊಲ್ಯೂಷನ್. ಐದು ಪದರ, ಬರೀ ಮರ. ಬೆಲೆ ಹಳೆಯದರ ಅರ್ಧಕ್ಕೂ ಕಡಿಮೆ.

ನನಗೆ ನಲವತ್ತಾರು. ಶಿವಮೊಗ್ಗದ ನಮ್ಮ ಕ್ಲಬ್ಬಿನಲ್ಲಿ ದಿನಾ ಸಂಜೆ ಒಂದು ಗಂಟೆ ಆಡುತ್ತೇನೆ. ಮೇಜಿನ ಹತ್ತಿರವೇ ನಿಂತು ಬ್ಯಾಕ್‌ಹ್ಯಾಂಡ್ ಬ್ಲಾಕ್ (ಬಂದ ಚೆಂಡಿಗೆ ಬ್ಯಾಟ್ ಒಡ್ಡಿ ತಡೆಯುವುದು), ಪುಶ್ (ಚೆಂಡಿನ ಕೆಳಗೆ ಸವರಿ ಮೆಲ್ಲಗೆ ತಳ್ಳುವುದು), ಎತ್ತರದ ಚೆಂಡು ಸಿಕ್ಕರೆ ಒಂದು ಫೋರ್‌ಹ್ಯಾಂಡ್. ಇಷ್ಟೇ ನನ್ನ ಆಟ. ಹುಡುಗರ ಹತ್ತಿರ ಸೋಲುತ್ತಿದ್ದಾಗ ವೇಗ ಸಾಲದು ಅನ್ನಿಸಿ ಕಾರ್ಬನ್ ತಗೊಂಡಿದ್ದೆ.

ಈ ಬೇಸಿಗೆಯಲ್ಲಿ ಮಗಳು ನನ್ನ ಮೂರು ಮ್ಯಾಚ್‌ಗಳನ್ನು ಮೊಬೈಲಿನಲ್ಲಿ ಹಿಡಿದಳು. ಇಬ್ಬರೂ ಕೂತು ಎಣಿಸಿದೆವು. ಕಳೆದುಕೊಂಡ ಪಾಯಿಂಟ್ 74. ಹೊಡೆತ ನಿಧಾನವಾಗಿ ಕಳೆದುಕೊಂಡದ್ದು ಒಂಬತ್ತೇ ಒಂಬತ್ತು. ಸರ್ವ್ ವಾಪಸ್ ಕೊಡುವಾಗ ಚೆಂಡು ಮೇಲೆದ್ದದ್ದು, ಪುಶ್ ಉದ್ದವಾದದ್ದು, ಬ್ಲಾಕ್ ಮೇಜು ದಾಟಿದ್ದು, ಇವೇ 40 ಮೀರಿದ್ದವು. ಅಂದರೆ ನನ್ನ ಕಷ್ಟ ಇದ್ದದ್ದು ಮೆಲ್ಲಗೆ ಆಡುವ ಚೆಂಡಿನಲ್ಲಿ!

ಬ್ಲೇಡ್ ಹುಡುಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಗೆದ್ದ ಪಾಯಿಂಟ್ ನೋಡಬೇಡಿ, ಸೋತದ್ದನ್ನು ಎಣಿಸಿ.

ಮೆತ್ತನೆಯ ಮರದ ಬ್ಲೇಡ್ ಚೆಂಡು ತಾಗಿದಾಗ ಕೂದಲೆಳೆಯಷ್ಟು ಬಾಗುತ್ತದೆ. ಚೆಂಡು ಒಂದು ಗಳಿಗೆ ರಬ್ಬರಿನಲ್ಲಿ ಕೂತು ಹೊರಡುತ್ತದೆ. ಆ ಗಳಿಗೆ ಕೈಗೆ ಗೊತ್ತಾಗುತ್ತದೆ, ಅಲ್ವಾ? ನನಗೆ ಬೇಕಿದ್ದದ್ದು ಅದೇ. ಹೊರಪದರದಲ್ಲಿ ಕೋಟೋದಂಥ ಗಟ್ಟಿ ಮರ, ಅದರ ಕೆಳಗೇ ಕಾರ್ಬನ್ ಇದ್ದರೆ ಚೆಂಡು ತಾಗಿದ ಕೂಡಲೇ ಹೊರಟುಬಿಡುತ್ತದೆ. ಬಟರ್‌ಫ್ಲೈ ಕಂಪನಿಯ ವಿಸ್ಕಾರಿಯಾ ಆ ಜಾತಿಯದು. ಎರಡೂ ಕಡೆ ಲೂಪ್ (ಚೆಂಡನ್ನು ಮುಂದಕ್ಕೆ ಜೋರಾಗಿ ತಿರುಗಿಸುವ ಹೊಡೆತ) ಹೊಡೆಯುವವರ ಕೈಯಲ್ಲಿ ಅದನ್ನು ನೋಡುವುದೇ ಚಂದ. ಅದೇ ಕಂಪನಿಯ ಇನ್ನರ್‌ಫೋರ್ಸ್ ಬ್ಲೇಡ್‌ಗಳಲ್ಲಿ ಅದೇ ಕಾರ್ಬನ್ನನ್ನು ನಡುವಿನ ಮರಕ್ಕೆ ಅಂಟಿಸಿರುತ್ತಾರೆ. ಮೆಲ್ಲಗೆ ಆಡಿದರೆ ಮರದ ಹಾಗೆ, ಜೋರಾಗಿ ಹೊಡೆದರೆ ಕಾರ್ಬನ್ ಹಾಗೆ. ಚಪ್ಪಟೆಯಾಗಿ ಹೊಡೆಯುವವರಿಗೆ ಸ್ಟೀಗಾ ಕ್ಲಿಪ್ಪರ್‌ನಂಥ ಏಳು ಪದರದ ಮರ ಸಾಕು. ಹೇಗಿದ್ದರೂ ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ಕನಿಷ್ಠ 85% ಮರವೇ ಇರಬೇಕು.

ತೂಕ ಕೇಳಿಯೇ ತಗೊಳ್ಳಿ. ಒಂದೇ ಮಾಡೆಲ್‌ನಲ್ಲಿ ಒಂದು 82 ಗ್ರಾಂ ಇದ್ದರೆ ಇನ್ನೊಂದು 90 ಇರಬಹುದು. ಎರಡು ರಬ್ಬರ್ ಸೇರಿದರೆ ಇನ್ನೂ 90 ಗ್ರಾಂ ಜಾಸ್ತಿ. ನನ್ನದು 84. ಬ್ಲಾಕಿನಿಂದ ಫೋರ್‌ಹ್ಯಾಂಡಿಗೆ ತಿರುಗುವಾಗ ಮಣಿಕಟ್ಟು ಈಗ ನೋಯುವುದಿಲ್ಲ. ಹಿಡಿ ಮಾತ್ರ ಅದೇ ಹಳೆಯ ಫ್ಲೇರ್ಡ್ (ತುದಿ ಅಗಲವಾಗಿರುವಂಥದ್ದು), ಅದರ ಬಗ್ಗೆ ಜಾಸ್ತಿ ಯೋಚಿಸಲಿಲ್ಲ.

ಇನ್ನೊಂದು ಮಾತು. ರಬ್ಬರ್ ಅಂಟಿಸುವ ಮೊದಲು ಮರಕ್ಕೆ ತೆಳ್ಳಗೆ ಒಂದು ಕೋಟ್ ವಾರ್ನಿಶ್ ಹಚ್ಚಿ. ಹಿಂದೊಮ್ಮೆ ಹಚ್ಚದೆ ರಬ್ಬರ್ ಕಿತ್ತಾಗ ಮರದ ಎಳೆಗಳೂ ಎದ್ದು ಬಂದಿದ್ದವು. ತುಂಬಾ ಬೇಜಾರಾಗಿತ್ತು.

ಮೊದಲ ಎರಡು ವಾರ ಚೆಂಡೆಲ್ಲ ನೆಟ್ಟಿಗೆ ಬಿತ್ತು. ಮೂರನೇ ವಾರ ಪುಶ್ ಉದ್ದವಾಗದೆ ನೆಟ್ಟಿನ ಹತ್ತಿರವೇ ಬೀಳತೊಡಗಿತು. ಹಳೆಯ ಬ್ಲೇಡನ್ನು ಕ್ಲಬ್ಬಿನ ಒಬ್ಬ ಹುಡುಗನಿಗೆ ಕೊಟ್ಟಿದ್ದೇನೆ. ಅವನು ಹಿಂದೆ ನಿಂತು ಲೂಪ್ ಹೊಡೆಯುವವನು. ಮೊನ್ನೆ ಅವನ ಲೂಪನ್ನು ನಾನು ಬ್ಲಾಕ್ ಮಾಡುತ್ತಾ ಒಂದೇ ರ್‍ಯಾಲಿಯಲ್ಲಿ ಹದಿನೇಳು ಚೆಂಡು ಆಡಿದೆವು.