ಹೆಲ್ಸಿಂಕಿಯ ಕೋಹಾಕಾನ್‌ಗೆ ಹೋಗಿ ಬಂದೆ: ಮುಂದೆ ಹೋಗುವ ಲೈಬ್ರರಿಯನ್‌ಗಳಿಗೆ ಒಂದಿಷ್ಟು ಮಾತು

ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಬಳಸುವವರು, ಬರೆಯುವವರು ಸೇರುವ ಸಮಾವೇಶ ಕೋಹಾಕಾನ್. ಅದಕ್ಕೆ ಹೋಗಬೇಕು ಅಂತಿರುವ ಗೆಳೆಯರು ಮೊದಲು ಕೇಳುವುದು ಖರ್ಚು ಎಷ್ಟಾಯಿತು ಅಂತ. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ನಿಮ್ಮ ಲೈಬ್ರರಿಯಲ್ಲಿ ದಿನಾ ಕಾಡುವ ಒಂದು ತೊಂದರೆಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ. ಒಂದೇ ಸಾಕು. ಸುಮ್ನೆ ಭಾಷಣ ಕೇಳಿ, ಫೋಟೋ ತೆಗೆಸಿಕೊಂಡು ಬರುವುದಾದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಭಾಷಣಗಳ ವಿಡಿಯೋ ಆಮೇಲೆ ಯೂಟ್ಯೂಬ್‌ನಲ್ಲಿ ಹೇಗೂ ಸಿಗುತ್ತವೆ.

ನಮ್ಮದು ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜು. ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಕನ್ನಡದವು. ಕೋಹಾ ಹಾಕಿಕೊಂಡು ಕೆಲವು ವರ್ಷ ಆಗಿತ್ತು. ಬಾರ್‌ಕೋಡ್, ಇಶ್ಯೂ, ರಿಟರ್ನ್ ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಆದರೆ ಓಪ್ಯಾಕ್‌ನಲ್ಲಿ, ಅಂದರೆ ಓದುಗರು ಪುಸ್ತಕ ಹುಡುಕುವ ಕಂಪ್ಯೂಟರ್ ಪಟ್ಟಿಯಲ್ಲಿ, ಕನ್ನಡ ಹುಡುಕಾಟ ಮಾತ್ರ ನಂಬುವ ಹಾಗಿರಲಿಲ್ಲ. "ತೋಟಗಾರಿಕೆ" ಅಂತ ಟೈಪ್ ಮಾಡಿದರೆ 11 ಪುಸ್ತಕ ತೋರಿಸುತ್ತಿತ್ತು. ರ‍್ಯಾಕ್‌ನಲ್ಲಿ ನಾನೇ ಎಣಿಸಿ ನೋಡಿದಾಗ 40ಕ್ಕಿಂತ ಜಾಸ್ತಿ ಇದ್ದವು. ಮಕ್ಕಳು ಪುಸ್ತಕ ಇಲ್ಲ ಅಂದುಕೊಂಡು ವಾಪಸ್ ಹೋಗುತ್ತಿದ್ದರು, ಅದು ನನಗೆ ತುಂಬಾ ಬೇಜಾರಿನ ವಿಷಯವಾಗಿತ್ತು. ಈ ತೊಂದರೆಯನ್ನೇ ಹೊತ್ತುಕೊಂಡು 2023ರ ಆಗಸ್ಟ್‌ನಲ್ಲಿ ಫಿನ್ಲೆಂಡಿಗೆ ಹೊರಟೆ.

ಕೋಹಾ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಇದು ಲೈಬ್ರರಿ ನಡೆಸುವ ಸಾಫ್ಟ್‌ವೇರ್. ದುಡ್ಡು ಕೊಡಬೇಕಾಗಿಲ್ಲ, ಮೂಲ ಕೋಡ್ ಎಲ್ಲರಿಗೂ ಮುಕ್ತ. ಹುಟ್ಟಿದ್ದು ನ್ಯೂಜಿಲೆಂಡಿನ ಲೆವಿನ್ ಅನ್ನುವ ಸಣ್ಣ ಊರಿನಲ್ಲಿ. ಅಲ್ಲಿನ ಹೊರೊಫೆನುವಾ ಲೈಬ್ರರಿ ಟ್ರಸ್ಟ್‌ನ ಹಳೆಯ ಸಾಫ್ಟ್‌ವೇರ್‌ಗೆ 2000ನೇ ಇಸವಿ ದಾಟುವ ಶಕ್ತಿ ಇರಲಿಲ್ಲ. ಕಟಿಪೊ ಅನ್ನುವ ಕಂಪನಿಯಿಂದ ಹೊಸದನ್ನು ಬರೆಸಿದರು, 2000ದ ಜನವರಿ 3ರಿಂದ ಅದು ಕೆಲಸ ಶುರು ಮಾಡಿತು. ತಾವು ದುಡ್ಡು ಕೊಟ್ಟು ಮಾಡಿಸಿದ್ದನ್ನು ಬಚ್ಚಿಟ್ಟುಕೊಳ್ಳದೆ ಜಗತ್ತಿಗೇ ಕೊಟ್ಟರು. ಕೋಹಾ ಅನ್ನುವುದು ಮಾವೊರಿ ಭಾಷೆಯ ಮಾತು, ಉಡುಗೊರೆ ಅಂತ ಅರ್ಥ. ಆದರೆ ತೆಗೆದುಕೊಂಡವರು ಮುಂದೆ ಒಂದಲ್ಲ ಒಂದು ದಿನ ತಮ್ಮ ಕೈಲಾದದ್ದನ್ನು ಕೊಡಬೇಕು ಅನ್ನುವ ಭಾವನೆಯೂ ಅದರಲ್ಲಿ ಸೇರಿದೆ. ನಮ್ಮ ಕಡೆ ಇದಕ್ಕೆ ಸರಿಯಾದ ಮಾತೇ ಇದೆಯಲ್ಲ, ಮುಯ್ಯಿ. ಮದುವೆ ಮನೆಯಲ್ಲಿ ಮುಯ್ಯಿ ಓದಿಸುವುದು, ನಾಟಿ ಕಾಲದಲ್ಲಿ ಮುಯ್ಯಾಳು ಹೋಗುವುದು. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಕೋಹಾಕಾನ್ ನಡೆಯುವುದೂ ಹಾಗೆಯೇ.

ಈ ಸಮಾವೇಶ ಸಾಮಾನ್ಯವಾಗಿ ಪ್ರತಿ ಸಲ ಬೇರೆ ದೇಶದಲ್ಲಿ ನಡೆಯುತ್ತದೆ. ಎಲ್ಲಿ ಅಂತ ತೀರ್ಮಾನಿಸುವವರು ಸಮುದಾಯದವರೇ. ನಮ್ಮ ದೇಶಕ್ಕೂ ಒಮ್ಮೆ ಬಂದಿತ್ತು, 2011ರಲ್ಲಿ ಮುಂಬೈ ಹತ್ತಿರದ ಠಾಣೆ ಊರಿನಲ್ಲಿ. 2024ರಲ್ಲಿ ಕೆನಡಾದ ಮಾಂಟ್ರಿಯಲ್‌ಗೆ ಹೋಯಿತು. ಹಾಗಾಗಿ ಮುಂದಿನದು ಎಲ್ಲಿ ಅಂತ ಗೊತ್ತಾದ ದಿನವೇ ವೀಸಾ ಕಡೆ ಗಮನ ಕೊಡಿ.

ಬ್ರಿಟನ್, ಐರ್ಲೆಂಡ್ ಥರದ ಕೆಲವು ದೇಶ ಬಿಟ್ಟು ಯೂರೋಪಿನ ಬಹುತೇಕ ಕಡೆ ನಡೆದರೆ ಶೆಂಗೆನ್ ವೀಸಾ ಬೇಕು, ಅಂದರೆ ಆ ದೇಶಗಳಿಗೆಲ್ಲ ನಡೆಯುವ ಒಂದೇ ವೀಸಾ. ಹೊರಡುವ ದಿನಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ನಾನು ಹೋದಾಗ ಶುಲ್ಕ 80 ಯೂರೋ ಇತ್ತು, 2024ರ ಜೂನ್‌ನಲ್ಲಿ 90 ಆಯಿತು. ಅರ್ಜಿ ಕೇಂದ್ರದವರ ಚಾರ್ಜು ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಲೇಬೇಕು. ಸಂಘಟಕರಿಗೆ ಬರೆದು ಆಹ್ವಾನ ಪತ್ರ ತರಿಸಿಕೊಳ್ಳಿ. ನನಗೆ ಜಾಸ್ತಿ ತಡವಾಗಿದ್ದು ಇದ್ಯಾವುದರಿಂದಲೂ ಅಲ್ಲ, ರಜೆಯ ಮಂಜೂರಾತಿ ಮತ್ತು ಎನ್‌ಓಸಿಯಿಂದ. ಫೈಲು ಒಂದು ಮೇಜಿನ ಮೇಲೆ ಐದು ವಾರ ಮಲಗಿತ್ತು. ಅಷ್ಟರಲ್ಲಿ ವಿಮಾನದ ಟಿಕೆಟ್ ಹದಿನೆಂಟು ಸಾವಿರ ಜಾಸ್ತಿ ಆಗಿತ್ತು. ದಯವಿಟ್ಟು ಎನ್‌ಓಸಿ ಅರ್ಜಿಯನ್ನು ಎಲ್ಲಕ್ಕಿಂತ ಮೊದಲು ಕೊಡಿ, ವಾರಕ್ಕೊಮ್ಮೆ ಹೋಗಿ ವಿಚಾರಿಸಿ.

ಬೆಂಗಳೂರಿನಿಂದ ಹೆಲ್ಸಿಂಕಿಗೆ ನೇರ ವಿಮಾನ ಸಿಗಲಿಲ್ಲ, ನಡುವೆ ಒಂದು ಕಡೆ ಇಳಿದು ಹತ್ತಬೇಕಾಯಿತು. ಹೆಲ್ಸಿಂಕಿಯಲ್ಲಿ ಇಳಿದ ಮೇಲೆ ಟ್ಯಾಕ್ಸಿ ಕಡೆ ನೋಡಬೇಡಿ. ಏರ್‌ಪೋರ್ಟಿನ ಕೆಳಗೇ ರೈಲು ಬರುತ್ತದೆ, ಅರ್ಧ ಗಂಟೆಯಲ್ಲಿ ಊರ ನಡುವಿನ ಸ್ಟೇಷನ್‌ಗೆ ಬಿಡುತ್ತದೆ. ಎಬಿಸಿ ವಲಯದ ಟಿಕೆಟ್ ತೆಗೆದುಕೊಳ್ಳಿ, ಬರೀ ಎಬಿ ತಗೊಂಡರೆ ಏರ್‌ಪೋರ್ಟಿಗೆ ನಡೆಯುವುದಿಲ್ಲ. ಕುಡಿಯುವ ನೀರಿಗೆ ದುಡ್ಡು ಹಾಕಬೇಡಿ, ನಲ್ಲಿ ನೀರು ನಮ್ಮ ಮಲೆನಾಡಿನ ಝರಿ ನೀರಿನ ಹಾಗಿದೆ. ಒಂದು ಖಾಲಿ ಬಾಟಲಿ ಇಟ್ಟುಕೊಂಡರೆ ಆಯಿತು. ಊಟಕ್ಕೆ "ಕಸ್ವಿಸ್" ಅನ್ನುವ ಪದ ನೆನಪಿಡಿ, ಅಂದರೆ ತರಕಾರಿ. ಮೆನುವಿನಲ್ಲಿ ಅದು ಕಂಡರೆ ಸಸ್ಯಾಹಾರಿಗಳು ನೆಮ್ಮದಿಯಾಗಿ ಕೇಳಿ ತಿನ್ನಬಹುದು. ಅಲ್ಲಿ ಮಧ್ಯಾಹ್ನದ ಊಟ ಹನ್ನೊಂದಕ್ಕೇ ಶುರು, ಹೊಟ್ಟೆ ಅದಕ್ಕೆ ಹೊಂದಿಕೊಳ್ಳಲು ಎರಡು ದಿನ ಬೇಕಾಯಿತು. ನಾನು ಚಟ್ನಿಪುಡಿ, ಅವಲಕ್ಕಿ ಒಯ್ದಿದ್ದೆ. ರಾತ್ರಿ ಅದೇ ಕೈ ಹಿಡಿಯಿತು.

ಈಗ ಸಮಾವೇಶದ ವಿಷಯ. ಕೋಹಾಕಾನ್‌ನಲ್ಲಿ ಸಾಮಾನ್ಯವಾಗಿ ಎರಡು ಭಾಗ ಇರುತ್ತವೆ. ಮೊದಲು ಕೆಲವು ದಿನ ಉಪನ್ಯಾಸ, ಆಮೇಲೆ ಹ್ಯಾಕ್‌ಫೆಸ್ಟ್, ಅಂದರೆ ಎಲ್ಲರೂ ಒಟ್ಟಿಗೆ ಕೂತು ಸಾಫ್ಟ್‌ವೇರಿನ ಕೆಲಸ ಮಾಡುವುದು. ನಮ್ಮವರು ಬಹಳ ಜನ ಉಪನ್ಯಾಸ ಮುಗಿದ ಕೂಡಲೇ ಊರು ನೋಡಲು ಹೊರಟುಬಿಡುತ್ತಾರೆ. ಹ್ಯಾಕ್‌ಫೆಸ್ಟ್ ಅಂದರೆ ಪ್ರೋಗ್ರಾಮರ್‌ಗಳದ್ದು, ನಮಗಲ್ಲ ಅನ್ನುವ ಅಂಜಿಕೆ. ನನಗೂ ಇತ್ತು. ಆದರೆ ಇಡೀ ಪ್ರವಾಸದಲ್ಲಿ ನನಗೆ ನಿಜವಾಗಿ ದಕ್ಕಿದ್ದು ಅಲ್ಲೇ. ರಿಟರ್ನ್ ಟಿಕೆಟ್ ಮಾಡಿಸುವಾಗ ಹ್ಯಾಕ್‌ಫೆಸ್ಟ್‌ನ ಕೊನೆಯ ದಿನವನ್ನೂ ಸೇರಿಸಿಕೊಳ್ಳಿ.

ಅಲ್ಲಿ ಒಂದು ಉದ್ದನೆಯ ಮೇಜು, ಸುತ್ತ ಎಂಟು ಹತ್ತು ಲ್ಯಾಪ್‌ಟಾಪ್. ನಾನು ನನ್ನ ಪೆನ್‌ಡ್ರೈವ್ ತೆಗೆದು ಎರಡು ಪುಸ್ತಕಗಳ ರೆಕಾರ್ಡ್ ತೋರಿಸಿದೆ. ಎರಡರಲ್ಲೂ "ತೋಟಗಾರಿಕೆ" ಅಂತ ಒಂದೇ ಥರ ಬರೆದಿತ್ತು. ಒಂದು ಹುಡುಕಿದರೆ ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಪಕ್ಕದಲ್ಲಿದ್ದವರಿಗೆ ಕನ್ನಡದ ಒಂದಕ್ಷರವೂ ಗೊತ್ತಿಲ್ಲ. ಆದರೂ ಅವರು ಆ ಪದವನ್ನು ಒಂದೊಂದು ಯೂನಿಕೋಡ್ ಸಂಖ್ಯೆಯಾಗಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಖ್ಯೆಯಾಗಿ, ಬಿಡಿಸಿ ಪರದೆ ಮೇಲೆ ಸಾಲಾಗಿ ಇಟ್ಟರು. ಒಂದು ಸಾಲು ಗಿಡ್ಡ, ಒಂದು ಸಾಲು ಉದ್ದ! ಮೊದಲ ರೆಕಾರ್ಡ್‌ನಲ್ಲಿ "ತೋ" ಅಕ್ಷರದ ಓತ್ವ ಒಂದೇ ಸಂಖ್ಯೆ. ಎರಡನೆಯದರಲ್ಲಿ ಅದೇ ಓತ್ವ ಮೂರು ತುಂಡು: ಎತ್ವ, ಕೊಂಬಿನ ದೀರ್ಘ, ಕೊನೆಗೊಂದು ದೀರ್ಘದ ಗುರುತು. ಕಣ್ಣಿಗೆ ಎರಡೂ ಒಂದೇ, ಮೆಷಿನ್‌ಗೆ ಬೇರೆ ಬೇರೆ ಪದ. ಹಳೇ ಫಾಂಟ್‌ನಲ್ಲಿದ್ದ ನಮ್ಮ ಪಟ್ಟಿಯನ್ನು ಯೂನಿಕೋಡ್‌ಗೆ ತಿರುಗಿಸುವಾಗ ಹೀಗೆ ಆಗಿತ್ತು. ವರ್ಷಗಟ್ಟಲೆ ನನ್ನ ಕಣ್ಣೆದುರೇ ಇದ್ದ ತಪ್ಪು ಅದು.

ಜೊತೆಗೆ ಇನ್ನೊಂದು ಗೊತ್ತಾಯಿತು. ನಮ್ಮ ಸರ್ವರ್‌ನಲ್ಲಿ ಝೀಬ್ರಾ ಇಂಡೆಕ್ಸ್, ಅಂದರೆ ಕೋಹಾ ಹುಡುಕಾಟಕ್ಕೆ ಕಟ್ಟಿಕೊಳ್ಳುವ ಪದಸೂಚಿ, ಸಿಎಚ್ಆರ್ ಅನ್ನುವ ಹಳೆಯ ವಿಧಾನದಲ್ಲಿತ್ತು. ಭಾರತದ ಲಿಪಿಗಳಿಗೆ ಅದು ಸರಿಹೋಗುವುದಿಲ್ಲ, ಯೂನಿಕೋಡ್ ಅರ್ಥವಾಗುವ ಐಸಿಯು ವಿಧಾನಕ್ಕೆ ಬದಲಾಯಿಸಿ ಇಂಡೆಕ್ಸನ್ನು ಪೂರ್ತಿ ಹೊಸದಾಗಿ ಕಟ್ಟಬೇಕು. ಹಾಗೇ ಡೇಟಾವನ್ನು ಎನ್ಎಫ್‌ಸಿ ಅನ್ನುವ ಯೂನಿಕೋಡ್‌ನ ಕೂಡಿಸಿದ ರೂಪಕ್ಕೆ ತಂದುಕೊಳ್ಳಬೇಕು, ಆಗ ತುಂಡು ತುಂಡಾದ ಓತ್ವ ಏತ್ವಗಳು ಮತ್ತೆ ಕೂಡಿಕೊಳ್ಳುತ್ತವೆ. "ಬ್ಯಾಂಕ್‌ಗಳು" ಥರದ ಪದಗಳ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ ನೋಡಿ, ಅದರ ಮೇಲೂ ಒಂದು ಕಣ್ಣಿಡಿ. ಒಬ್ಬರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಕನ್ನಡ ಪುಸ್ತಕ ಜಾಸ್ತಿ ಇರುವ ಯಾವ ಲೈಬ್ರರಿಯಾದರೂ ಸರಿ, ಹೆಲ್ಸಿಂಕಿಗೆ ಹೋಗದೆಯೇ ಈ ಮೂರನ್ನು ಇವತ್ತೇ ಪರೀಕ್ಷೆ ಮಾಡಿಕೊಳ್ಳಬಹುದು. ಬ್ಯಾಕಪ್ ತೆಗೆದಿಟ್ಟುಕೊಂಡೇ ಕೈ ಹಾಕಿ, ಮತ್ತೆ.

ಸಂಜೆ ಆ ಮೇಜಿನವರು "ಈಗ ನೀವು ನಮಗೊಂದು ಸಹಾಯ ಮಾಡಿ" ಅಂದರು. ಕೋಹಾದಲ್ಲಿ ಯಾರೇ ಪ್ಯಾಚ್, ಅಂದರೆ ಕೋಡ್‌ನ ತಿದ್ದುಪಡಿ, ಬರೆದರೂ ಅದನ್ನು ಬರೆಯದ ಇನ್ನೊಬ್ಬರು ಪರೀಕ್ಷಿಸಿ, ಸರಿಯಿದೆ ಅಂತ ಸೈನ್ ಆಫ್ ಮಾಡಬೇಕು. ಆಮೇಲೆ ಗುಣಮಟ್ಟ ನೋಡುವ ಕ್ಯೂಎ ತಂಡ ನೋಡುತ್ತದೆ, ಅದಾದ ಮೇಲೆಯೇ ಅದು ಒಳಗೆ ಸೇರುವುದು. ಪರೀಕ್ಷೆಗೆ ಕೋಹಾದ ಕೋಡ್ ಇರುವ ಪರ್ಲ್ ಭಾಷೆ ಬರಬೇಕಾಗಿಲ್ಲ. ಸ್ಯಾಂಡ್‌ಬಾಕ್ಸ್ ಅಂತ ಇದೆ, ಬ್ರೌಸರ್‌ನಲ್ಲೇ ಆ ಪ್ಯಾಚ್ ಹಾಕಿದ ಕೋಹಾ ತೆರೆದುಕೊಳ್ಳುತ್ತದೆ. ದಂಡದ ಪಟ್ಟಿಯ ಒಂದು ಕಾಲಮ್ ಸರಿಯಾಗಿ ವಿಂಗಡಣೆ ಆಗದ ತೊಂದರೆ ನನಗೆ ಸಿಕ್ಕಿತು. ದಿನಾ ಕೌಂಟರ್‌ನಲ್ಲಿ ಕೂತು ದಂಡ ಕಟ್ಟಿಸಿಕೊಳ್ಳುವವಳಿಗೆ ಆ ಪಟ್ಟಿ ಹೇಗಿರಬೇಕು ಅಂತ ಗೊತ್ತಿರುವುದಿಲ್ಲವಾ? ಹೇಳಿದ ಹೆಜ್ಜೆಗಳನ್ನೆಲ್ಲ ಮಾಡಿ ನೋಡಿದೆ, ಸರಿಯಾಗಿತ್ತು, ಸೈನ್ ಆಫ್ ಮಾಡಿದೆ. ಇಪ್ಪತ್ತು ನಿಮಿಷದ ಕೆಲಸ. ಅವತ್ತು ನನಗಾದ ಖುಷಿ ಹೇಳತೀರದು.

ಹೋಗುವ ಮೊದಲೇ ಕೋಹಾದ ತೊಂದರೆ, ತಿದ್ದುಪಡಿಗಳನ್ನು ದಾಖಲಿಸುವ ಬಗ್‌ಜಿಲ್ಲಾ ತಾಣದಲ್ಲಿ ಒಂದು ಖಾತೆ ತೆರೆದಿಡಿ, ಸ್ಯಾಂಡ್‌ಬಾಕ್ಸ್ ಒಂದೆರಡು ಸಲ ಆಡಿಸಿ ನೋಡಿ. ನಿಮ್ಮ ಆವೃತ್ತಿ ಎಷ್ಟು ಹಳೆಯದು ಅಂತಲೂ ತಿಳಿದಿರಲಿ. ಕೋಹಾ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ ಹೊಸ ಆವೃತ್ತಿ ಬಿಡುತ್ತದೆ. ಅಲ್ಲಿ ಎಲ್ಲರ ಬಾಯಲ್ಲೂ 23.05, ಅಂದರೆ 2023ರ ಮೇ ಆವೃತ್ತಿ. ನಮ್ಮಲ್ಲಿ ಇದ್ದದ್ದು 19.11. ನಾನು ಕೇಳಿದ ಕೆಲವು ಪ್ರಶ್ನೆಗಳಿಗೆ ಉತ್ತರ ಆಗಲೇ ಹೊಸ ಆವೃತ್ತಿಯೊಳಗೆ ಇತ್ತು. ಇಂಗ್ಲಿಷ್ ಬಗ್ಗೆ ಹೆದರಬೇಡಿ. ಫಿನ್ಲೆಂಡಿನವರಿಗೆ, ಫ್ರಾನ್ಸಿನವರಿಗೆ ಕೂಡ ಅದು ಕಲಿತ ಭಾಷೆಯೇ, ನಿಧಾನವಾಗಿ ಹೇಳಿ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಫಿನ್ಲೆಂಡಿನಲ್ಲಿ ನಾನು ಕಂಡ ಇನ್ನೊಂದು ಸಂಗತಿ ಇನ್ನೂ ತಲೆಯಲ್ಲಿ ತಿರುಗುತ್ತಿದೆ. ಅಲ್ಲಿ ಕೋಹಾ-ಸುವೊಮಿ ಅಂತ ಒಂದು ಕಂಪನಿ ಇದೆ, ಅದರ ಒಡೆಯರು ಊರೂರಿನ ಸ್ಥಳೀಯ ಆಡಳಿತಗಳೇ. ತಂತಮ್ಮ ಸಾರ್ವಜನಿಕ ಲೈಬ್ರರಿಗಳಿಗೆ ಬೇಕಾದ ಕೋಹಾ ಕೆಲಸವನ್ನು ಎಲ್ಲರೂ ಸೇರಿ ಮಾಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಒಂದೊಂದು ಕಾಲೇಜೂ ಒಂಟಿಯಾಗಿ ಒದ್ದಾಡುತ್ತದೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹೊತ್ತಿಗೆ ಯಾರನ್ನೋ ಕರೆಸಿ ಇನ್‌ಸ್ಟಾಲ್ ಮಾಡಿಸುತ್ತೇವೆ, ಅವರು ಹೋದ ಮೇಲೆ ಪಾಸ್‌ವರ್ಡ್ ಕೂಡ ನಮ್ಮ ಹತ್ತಿರ ಇರುವುದಿಲ್ಲ. ಒಂದು ಜಿಲ್ಲೆಯ ಹತ್ತು ಕಾಲೇಜು ಸೇರಿ ಒಬ್ಬ ಒಳ್ಳೆಯ ಸಿಸ್ಟಮ್ ಅಡ್ಮಿನ್‌ಗೆ ಸಂಬಳ ಕೊಟ್ಟು ಇಟ್ಟುಕೊಳ್ಳಲು ಆಗುವುದಿಲ್ಲವಾ? ಖಂಡಿತ ಆಗುತ್ತದೆ ಅಂತ ನನಗನ್ನಿಸುತ್ತದೆ.

ಹೆಲ್ಸಿಂಕಿಗೇ ಹೋಗುವವರಿದ್ದರೆ ಊಡಿ ಲೈಬ್ರರಿಗೆ ಒಂದು ಪೂರ್ತಿ ದಿನ ಇಡಿ. ರೈಲ್ವೆ ಸ್ಟೇಷನ್‌ನಿಂದ ನಡೆದೇ ಹೋಗಬಹುದು. 2018ರ ಡಿಸೆಂಬರ್‌ನಲ್ಲಿ ತೆರೆದದ್ದು, ಪಾರ್ಲಿಮೆಂಟಿನ ಎದುರಿಗೇ ಇದೆ. ಎರಡನೇ ಅಂತಸ್ತಿನಲ್ಲಿ ಒಬ್ಬ ಅಜ್ಜ ಹೊಲಿಗೆ ಮೆಷಿನ್ ಮುಂದೆ ಕೂತು ಪ್ಯಾಂಟಿನ ಜಿಪ್ ಹಾಕುತ್ತಿದ್ದರು, ಪಕ್ಕದಲ್ಲಿ ಮಕ್ಕಳು 3ಡಿ ಪ್ರಿಂಟರ್ ನೋಡುತ್ತ ನಿಂತಿದ್ದರು. ಮೇಲಿನ ಅಂತಸ್ತು ಪೂರ್ತಿ ಪುಸ್ತಕ, ಬೆಳಕು, ಮಲಗಿಕೊಂಡು ಓದುವ ಮಕ್ಕಳು. ಯಾರೂ "ಶ್" ಅನ್ನಲಿಲ್ಲ. ಹೊರಗಿನವಳು ಅಂತ ನನ್ನನ್ನು ಯಾರೂ ತಡೆಯಲಿಲ್ಲ, ಗುರುತಿನ ಚೀಟಿ ಕೇಳಲಿಲ್ಲ. ಇನ್ನೊಂದು ದಿನ ಎಂಗೆಲ್ ಅನ್ನುವ ವಾಸ್ತುಶಿಲ್ಪಿ ಕಟ್ಟಿದ ಹಳೆಯ ರಾಷ್ಟ್ರೀಯ ಗ್ರಂಥಾಲಯ ನೋಡಿ, ಗುಮ್ಮಟದ ಕೆಳಗೆ ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಉಳಿದ ಜಾಗಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.

ಖರ್ಚು: ವಿಮಾನ, ವೀಸಾ, ಇನ್ಶೂರೆನ್ಸ್, ಹಾಸ್ಟೆಲ್‌ನ ಡಾರ್ಮಿಟರಿಯಲ್ಲಿ ಎಂಟು ರಾತ್ರಿ, ಊಟ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದ ಹತ್ತಿರ. ಅರ್ಧ ಕಾಲೇಜು ಕೊಟ್ಟಿತು, ಅರ್ಧ ನನ್ನದು. ಇಬ್ಬರು ಸೇರಿ ಹೋದರೆ ರೂಮಿನಲ್ಲಿ, ಅಡುಗೆಯಲ್ಲಿ ಸಾಕಷ್ಟು ಉಳಿಯುತ್ತದೆ.

ವಾಪಸ್ ಬಂದು ಇಂಡೆಕ್ಸ್ ಬದಲಾಯಿಸಿ, ಡೇಟಾ ತೊಳೆಯಲು ನನಗೆ ಮೂರು ವಾರ ಹಿಡಿಯಿತು. ಈಗ "ತೋಟಗಾರಿಕೆ" ಅಂದರೆ 43 ಬರುತ್ತದೆ. ಸಂಜೆ ಬಿಡುವಾದಾಗ ಕೋಹಾದ ಕನ್ನಡ ಅನುವಾದಕ್ಕೆ ಕೂರುತ್ತಿದ್ದೇನೆ. ಪರದೆ ಮೇಲಿನ ಎಷ್ಟೋ ಸಾಲುಗಳು ಇನ್ನೂ ಇಂಗ್ಲಿಷ್‌ನಲ್ಲೇ ಇವೆ, ಅನುವಾದ ಆದವುಗಳಲ್ಲೂ ಕೆಲವು ಓದಿದರೆ ಅರ್ಥವಾಗುವುದಿಲ್ಲ. "ಹೋಲ್ಡ್" ಅನ್ನುವುದಕ್ಕೆ "ಕಾಯ್ದಿರಿಸು" ಅನ್ನೋಣವೋ "ನನಗಾಗಿ ತೆಗೆದಿಡಿ" ಅನ್ನೋಣವೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ನಮ್ಮ ಹುಡುಗರು ಕೌಂಟರ್‌ಗೆ ಬಂದು ಕೇಳುವುದು ಎರಡನೆಯದನ್ನೇ. ನಿಮ್ಮ ಲೈಬ್ರರಿಯಲ್ಲಿ ಹೇಗೆ ಕೇಳುತ್ತಾರೆ, ಹೇಳಿ.