ಬಣ್ಣ ಬಿಟ್ಟ ಬಟ್ಟೆ

ಬೆಳಿಗ್ಗೆ ವಾಷಿಂಗ್ ಮೆಷಿನ್ ಮುಚ್ಚಳ ತೆಗೆದರೆ ನನ್ನ ಎರಡು ಬಿಳಿ ಬನಿಯನ್ನುಗಳೂ ತಿಳಿ ಗುಲಾಬಿ. ಮಗಳ ಹೊಸ ಕೆಂಪು ಚೂಡಿದಾರದ ಕೃಪೆ.

ಬೈಯಲು ಬಾಯಿ ತೆರೆದವನಿಗೆ ನಗು ಬಂತು. 2004ರ ‘ಸ್ಪೈಡರ್‌ಮ್ಯಾನ್ 2’ ನೆನಪಾಯಿತು.

ಆ ಸಿನಿಮಾದಲ್ಲಿ ಸ್ಪೈಡರ್‌ಮ್ಯಾನ್ ವೇಷ ತೊಡುವ ಹುಡುಗ ಪೀಟರ್ ಪಾರ್ಕರ್ ಲಾಂಡ್ರಿಯ ಮೆಷಿನ್ನಿನಿಂದ ಬಟ್ಟೆ ಎಳೆಯುತ್ತಾನೆ. ವೇಷದ ಕೆಂಪು, ನೀಲಿ ಎಲ್ಲ ಬಿಳಿ ಬಟ್ಟೆಗೆ ಹತ್ತಿದೆ! ನ್ಯೂಯಾರ್ಕನ್ನೇ ಕಾಯುವವನ ಪಾಡು ನೋಡಿ. ಬಾಡಿಗೆ ಬಾಕಿ. ಪಿಜ್ಜಾ ತಲುಪಿಸುವ ಕೆಲಸವೂ ಹೋಗಿದೆ.

ಆ ಚಿತ್ರದ ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ಬರಲೇಬೇಕಿತ್ತು. ಖಳನಾಯಕ ಡಾಕ್ಟರ್ ಆಕ್ಟೋಪಸ್‌ನ ನಾಲ್ಕು ಲೋಹದ ತೋಳುಗಳು ಪೂರಾ ಕಂಪ್ಯೂಟರಿನ ಮಾಯೆಯಲ್ಲ. ಹಲವು ದೃಶ್ಯಗಳಲ್ಲಿ ನಿಜವಾದ ತೋಳುಗಳನ್ನೇ ಮಾಡಿ, ಬೊಂಬೆಯಾಟದವರ ಹಾಗೆ ಆಡಿಸಿದ್ದಾರೆ. ಅದಕ್ಕೇ ಇರಬೇಕು, ಆ ಪಾತ್ರದ ನಟ ಆಲ್ಫ್ರೆಡ್ ಮೊಲಿನಾ ಅವುಗಳೊಡನೆ ಮಾತಿಗೆ ಕುಳಿತಾಗ ನನಗೆ ಭಯಕ್ಕಿಂತ ಹೆಚ್ಚಾಗಿ ಪಾಪ ಅನ್ನಿಸಿತ್ತು.

ಓಡುವ ರೈಲನ್ನು ಪೀಟರ್ ಮೈಯೊಡ್ಡಿ ನಿಲ್ಲಿಸಿದಾಗ ನಾನೂ ಶಿಳ್ಳೆ ಹೊಡೆದವನೇ. ಈಗ ಕಣ್ಣಿಗೆ ಕಟ್ಟಿರುವುದು ಮಾತ್ರ ಅದರ ಮುಂದಿನದು. ಮುಖವಾಡ ಕಳಚಿದೆ, ಎಚ್ಚರ ತಪ್ಪಿದೆ. ಪ್ರಯಾಣಿಕರು ಅವನನ್ನು ತಲೆಯ ಮೇಲೆ, ಕೈಯಿಂದ ಕೈಗೆ ದಾಟಿಸಿ ಮೆಲ್ಲಗೆ ಮಲಗಿಸುತ್ತಾರೆ. ಅಯ್ಯೋ, ಇವನಿನ್ನೂ ಹುಡುಗ ಎಂದು ಒಬ್ಬ ಬೆರಗಾಗುತ್ತಾನೆ. ಆ ಕೈಗಳಿಗೆ ಯಾವ ಎಫೆಕ್ಟ್ಸ್ ಬೇಕಿತ್ತು ಹೇಳಿ.

ಬನಿಯನ್ನುಗಳನ್ನು ತಂತಿಯ ಮೇಲೆ ಹರವಿದ್ದೇನೆ. ನಾಳೆ ಅದನ್ನೇ ತೊಟ್ಟು ಕಚೇರಿಗೆ ಹೋಗುತ್ತೇನೆ. ಅಂಗಿಯ ಒಳಗೆ ಏನಿದೆ ಎಂದು ಯಾರಿಗೆ ಗೊತ್ತಾಗುತ್ತದೆ!